ನಡುಮನೆಯ ಲೋಹಗಳೂ ನಮ್ಮ ಮಾವನೂ

ನಮ್ಮ ಸೋದರಮಾವ ಜನ್ಮದಲ್ಲಿ ಒಬ್ಬ ಹೆಂಗಸಿನ ಮುಖವನ್ನೂ ಸರಿಯಾಗಿ ನೋಡಿದವನಲ್ಲ. ಹಾಗೆಂದ ಕೂಡಲೇ ಅವನೊಬ್ಬ ಸನ್ಯಾಸಿ, ಇಲ್ಲವೇ ಮಹಾ ಸಂಕೋಚದ ಪ್ರಾಣಿ ಅಂದುಕೊಂಡುಬಿಡಬೇಡಿ. ಎರಡೂ ಅಲ್ಲ. ಅವನು ನೋಡುತ್ತಿದ್ದದ್ದು ಕಣ್ಣಿನ ಕೆಳರೆಪ್ಪೆಯನ್ನು. ಅದೂ ಹೊರಗಿನದಲ್ಲ, ಒಳಗಿನದು! ಹೆಂಗಸು ಗುಂಡಗಿದ್ದಾಳೋ ತೆಳ್ಳಗಿದ್ದಾಳೋ, ಉಟ್ಟಿದ್ದು ರೇಷ್ಮೆಯೋ ನೂಲೋ, ಒಂದೂ ಅವನಿಗೆ ನೆನಪಿರುತ್ತಿರಲಿಲ್ಲ. ರೆಪ್ಪೆಯ ಒಳಗಿನ ಬಣ್ಣ ಮಾತ್ರ ವರ್ಷಗಟ್ಟಲೆ ನೆನಪಿರುತ್ತಿತ್ತು. "ಆ ತಿಳಿಗೆಂಪಿನವರು ಹೇಗಿದಾರೆ ಈಗ?" ಎಂದು ಕೇಳುತ್ತಿದ್ದ. ಯಾರ ವಿಷಯ ಕೇಳುತ್ತಿದ್ದಾನೆ ಎಂದು ನಮಗೆ ಗೊತ್ತಾಗಬೇಕಲ್ಲ?

ಶಿವಮೊಗ್ಗದ ನಮ್ಮ ಮನೆಗೆ ಭಾನುವಾರ ಬೆಳಗಿನ ರೈಲಿಗೆ ಭದ್ರಾವತಿಯಿಂದ ಬರುತ್ತಿದ್ದ. ಜುಬ್ಬದ ಒಂದು ಜೇಬಿನಲ್ಲಿ ಅಯಸ್ಕಾಂತ, ಇನ್ನೊಂದರಲ್ಲಿ ನಿಂಬೆಹಣ್ಣು. ಬಂದವನು ಚಪ್ಪಲಿ ಬಿಡುವ ಮುಂಚೆಯೇ ನನ್ನನ್ನೂ ಅಕ್ಕನನ್ನೂ ಬೆಳಕಿಗೆ ಕರೆದು, ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆದು, ಬಗ್ಗಿ ನೋಡಿ ತೀರ್ಪು ಕೊಡುತ್ತಿದ್ದ. ಕೆಂಪಗಿದ್ದರೆ "ಪಾಸು". ಸ್ವಲ್ಪ ತಿಳಿಯಾಗಿದ್ದರೆ "ಸುಮಾರು". ಬಿಳಿಚಿಕೊಂಡಿದ್ದರೆ ಏನೂ ಹೇಳುತ್ತಿರಲಿಲ್ಲ, ಮುಂದಿನ ಭಾನುವಾರ ಒಂದು ಕಬ್ಬಿಣದ ಬಾಣಲೆ ತಂದುಕೊಡುತ್ತಿದ್ದ. ಹೊರಗಿನ ಹೆಂಗಸರನ್ನು ಮುಟ್ಟುವ ಹಾಗಿಲ್ಲ ನೋಡಿ, ಅವರೆದುರು ತನ್ನದೇ ರೆಪ್ಪೆಯನ್ನು ಕೆಳಗೆ ಎಳೆದು, "ಹೀಗೆ ಮಾಡಿ, ಹೀಗೆ" ಅಂತ ತೋರಿಸುತ್ತಿದ್ದ. ಸಣ್ಣ ಮಕ್ಕಳನ್ನು ಹೆದರಿಸಲು ಗುಮ್ಮನ ಮುಖ ಮಾಡುತ್ತೀವಲ್ಲ, ಥೇಟ್ ಹಾಗೆ ಕಾಣುತ್ತಿದ್ದ.

ನಮ್ಮಮ್ಮ, ಅವನ ಸ್ವಂತ ತಂಗಿ, ಒಂದು ದಿನವೂ ಅವನಿಗೆ ಕಣ್ಣು ತೋರಿಸಿದವಳಲ್ಲ. ಅವನ ಹೆಬ್ಬೆರಳು ಹತ್ತಿರ ಬಂದರೆ ಫಟ್ಟನೆ ಕೈಮೇಲೆ ಹೊಡೆಯುತ್ತಿದ್ದಳು.

"ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ. ಹೋಗು ಅತ್ಲಾಗೆ."

"ನೋಡಿದ್ರೆ ಏನು ಗಂಟು ಹೋಗುತ್ತೆ ಮಾರಾಯ್ತಿ?"

"ಗಂಟು ಹೋಗಲ್ಲ, ಮಾನ ಹೋಗುತ್ತೆ. ಕಾಫಿ ಕುಡಿ, ಆರಿಹೋಗುತ್ತೆ."

ಮಾವ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಲ್ಯಾಬೊರೇಟರಿಯಲ್ಲಿ ಕೆಮಿಸ್ಟ್. ಕುಲುಮೆಯಿಂದ ಬಂದ ಲೋಹದ ಚೂರನ್ನು ಆಸಿಡ್‌ನಲ್ಲಿ ಕರಗಿಸಿ, ಅದರಲ್ಲಿ ಮ್ಯಾಂಗನೀಸ್ ಎಷ್ಟಿದೆ, ಕ್ರೋಮಿಯಂ ಎಷ್ಟಿದೆ ಎಂದು ಬಣ್ಣ ನೋಡಿ ಹೇಳುವ ಕೆಲಸ. ಇಡೀ ದಿನ ಗಾಜಿನ ಕೊಳವೆ ಹಿಡಿದು ಬಣ್ಣ ನೋಡಿ ನೋಡಿ, ಮನುಷ್ಯರ ಹತ್ತಿರವೂ ಅದೇ ಚಾಳಿ ಮುಂದುವರಿಸಿದ್ದಾನೆ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು. ಅವನ ಕ್ವಾರ್ಟರ್ಸಿನ ಸಾಲಿನಲ್ಲಿದ್ದ ತಮಿಳು ಮಾಮಿಯರೂ ತೆಲುಗಿನವರೂ ಅವನಿಗೆ ಇಟ್ಟಿದ್ದ ಹೆಸರು "ಕಣ್ಣು ಸಾರ್". ಅವನು ರಜೆ ಹಾಕಿ ಮನೆಯಲ್ಲಿದ್ದರೆ ಅವತ್ತು ಆ ಸಾಲಿನಲ್ಲಿ ಒಬ್ಬ ಹೆಂಗಸೂ ನಲ್ಲಿಗೆ ನೀರಿಗೆ ಬರುತ್ತಿರಲಿಲ್ಲವಂತೆ.

ಇಂಥವನಿಗೂ ಮದುವೆ ಮಾಡಬೇಕೆಂದು ಅಮ್ಮ ಪಟ್ಟ ಪಾಡು ಒಂದೆರಡಲ್ಲ. ಕುಂಸಿಯಲ್ಲಿ ಒಂದು ಹುಡುಗಿ ಇದೆ ಅಂತ ಗೊತ್ತಾಗಿ, ಅಪ್ಪ ಅಮ್ಮ ಇಬ್ಬರೂ ಅವನನ್ನು ಹೊರಡಿಸಿಕೊಂಡು ಹೋದರು. ನಾನೂ ಜೊತೆಗೆ. ಬಸ್ಸಿನಲ್ಲಿ ಉದ್ದಕ್ಕೂ ಅಮ್ಮ ಪಾಠ ಮಾಡಿದಳು: ಅಯಸ್ಕಾಂತ ತೆಗೆಯಬೇಡ, ಅಡಿಗೆಮನೆಗೆ ನುಗ್ಗಿ ಪಾತ್ರೆಗೆ ಕಲಾಯಿ ಆಗಿದೆಯಾ ಕೇಳಬೇಡ, ಆಸಿಡ್ ವಿಷಯ ಎತ್ತಲೇಬೇಡ. ಎಲ್ಲದಕ್ಕೂ ಮಾವ ತಲೆ ಆಡಿಸಿದ. ಕಣ್ಣಿನ ವಿಷಯ ಹೇಳುವುದನ್ನು ಅಮ್ಮ ಮರೆತಳು.

ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳು. ಮಾವ ತಟ್ಟೆ ತೆಗೆದುಕೊಳ್ಳಲಿಲ್ಲ. "ಸ್ವಲ್ಪ ಕಿಟಕಿ ಕಡೆ ತಿರುಗಿ, ಹೀಗೆ ಮಾಡ್ತೀಯೇನಮ್ಮ?" ಎಂದು ತನ್ನ ಎರಡೂ ಕೆಳರೆಪ್ಪೆಗಳನ್ನು ಕೆನ್ನೆಯವರೆಗೆ ಎಳೆದು ತೋರಿಸಿದ. ಹುಡುಗಿ ತಟ್ಟೆಯನ್ನು ಅಲ್ಲೇ ನೆಲದ ಮೇಲಿಟ್ಟು ಒಳಗೆ ಹೋದವಳು ಮತ್ತೆ ಬರಲಿಲ್ಲ. ಒಳಗಿನಿಂದ ಅವಳ ಅಜ್ಜಿ ಬಂದು ಅಪ್ಪನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು, "ಹುಡುಗನಿಗೆ ಏನಾದ್ರೂ ಬಾಧೆ ಇದೆಯೇನಪ್ಪ?"

"ಇದೆ ತಾಯಿ," ಅಂದರು ಅಪ್ಪ. "ಕೆಮಿಸ್ಟ್ರಿ."

ವಾಪಸ್ಸು ಬರುವಾಗ ಅಮ್ಮ ಆಯನೂರು ದಾಟುವವರೆಗೂ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ಮಾವನಿಗೆ ಮಾತ್ರ ಹೋದ ಕೆಲಸ ಆದ ನೆಮ್ಮದಿ. "ಹುಡುಗಿ ತಟ್ಟೆ ಇಡೋಕೆ ಬಗ್ಗಿದಾಗ ನೋಡಿಬಿಟ್ಟೆ. ಸುಮಾರು. ಒಂದು ಬಾಣಲೆ ಕಳಿಸಬೇಕು" ಅಂದ. ನಿಜಕ್ಕೂ ಕಳಿಸಿದ, ಬಸ್ಸಿನ ಕಂಡಕ್ಟರ ಕೈಯಲ್ಲಿ. ಅದೇ ಕಂಡಕ್ಟರ ಕೈಯಲ್ಲಿ ಉತ್ತರವೂ ಬಂತು. ಸಂಬಂಧ ಬೇಡವಂತೆ, ಬಾಣಲೆ ಇಟ್ಟುಕೊಂಡಿದ್ದಾರಂತೆ.

ಮಾವನ ಕ್ವಾರ್ಟರ್ಸಿನ ಗೋಡೆಯಲ್ಲಿ ದೇವರ ಪಟವಿರಲಿಲ್ಲ. ಅಲ್ಲಿದ್ದದ್ದು ಮೂಲವಸ್ತುಗಳ ದೊಡ್ಡ ಚಾರ್ಟು. ಹೈಸ್ಕೂಲಿನಲ್ಲಿ ಅದನ್ನು ಉರುಹೊಡೆಯಲಾರದೆ ಅಳುತ್ತಿದ್ದ ನನಗೆ ಅವನು ಒಂದೇ ಮಧ್ಯಾಹ್ನದಲ್ಲಿ ಹೇಳಿಕೊಟ್ಟ. "ಇದು ಚಾರ್ಟು ಅಂತ ಯಾಕೆ ನೋಡ್ತೀಯ ಮಗಳೇ, ಮನೆ ಅಂತ ನೋಡು. ಎಡಗಡೆ ಇದೆಯಲ್ಲ, ಇದು ಜಗಲಿ. ಸೋಡಿಯಂ, ಪೊಟ್ಯಾಸಿಯಂ ಇಲ್ಲಿ ಕೂತಿರ್ತಾವೆ. ನೀರು ಕಂಡ್ರೆ ಸಿಡಿಯೋ ಮುಂಗೋಪಿಗಳು. ಬಲತುದಿಯಲ್ಲಿರೋದು ದೇವರ ಕೋಣೆ. ಹೀಲಿಯಂ, ನಿಯಾನ್, ಆರ್ಗಾನ್. ಪಕ್ಕಾ ಮಡಿ. ಯಾರನ್ನೂ ಮುಟ್ಟಲ್ಲ, ಯಾರಿಂದಲೂ ಮುಟ್ಟಿಸ್ಕೊಳ್ಳಲ್ಲ. ಇನ್ನು ಈ ಮಧ್ಯದ್ದು, ಉದ್ದಕ್ಕೆ ಇದೆಯಲ್ಲ, ಇದೇ ನಡುಮನೆ. ಕ್ರೋಮಿಯಂ, ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್, ನಿಕ್ಕಲ್, ತಾಮ್ರ. ಮನೆ ನಡೆಯೋದೇ ಇವರಿಂದ."

ಪುಸ್ತಕದಲ್ಲಿ ಇವಕ್ಕೆ ಟ್ರಾನ್ಸಿಷನ್ ಲೋಹಗಳು ಅಂತ ಹೆಸರಿತ್ತು. ಮಾವನ ಬಾಯಲ್ಲಿ ಮಾತ್ರ ಕೊನೆಯವರೆಗೂ "ನಮ್ಮ ನಡುಮನೆಯವರು". ಅವರ ಗುಣಗಾನ ಶುರುವಾದರೆ ರೈಲು ತಪ್ಪಿದರೂ ಅವನಿಗೆ ಪರಿವೆ ಇರುತ್ತಿರಲಿಲ್ಲ. ಜಗಲಿಯವರ ಉಪ್ಪೆಲ್ಲ ಬರೀ ಬಿಳಿ. ನಡುಮನೆಯವರದ್ದು ನೋಡಿ, ತಾಮ್ರದ್ದು ನೀಲಿ, ನಿಕ್ಕಲಿನದು ಹಸಿರು, ಕೋಬಾಲ್ಟಿನದು ಗುಲಾಬಿ! ಅದೂ ಒಂದೇ ಬಣ್ಣಕ್ಕೆ ಅಂಟಿಕೊಂಡವರಲ್ಲ, ಯಾರ ಜೊತೆ ಸೇರಿದರೋ ಹಾಗೆ ಬಣ್ಣ ಬದಲಾಯಿಸುತ್ತಾರೆ. ಕೊಡಲು ತೆಗೆದುಕೊಳ್ಳಲು ಬೇರೆ ಕೋಣೆಯವರಿಗೆ ಇಷ್ಟೇ ಕೈ ಅಂತ ಲೆಕ್ಕ ಇರುತ್ತೆ. ಕಬ್ಬಿಣ ಬೇಕಾದಾಗ ಎರಡು ಕೈ ಚಾಚುತ್ತೆ, ಬೇಕಾದಾಗ ಮೂರು. ಮ್ಯಾಂಗನೀಸಂತೂ ಏಳರವರೆಗೂ ಹೋಗುತ್ತೆ.

"ಚಿನ್ನ ಎಲ್ಲಿ ಕೂತಿದೆ?" ಎಂದು ಒಂದು ಭಾನುವಾರ ನಮ್ಮ ಮನೆಯಲ್ಲಿ ದೋಸೆ ಬಡಿಸುತ್ತಾ, ಕತ್ತಿನ ಸರ ಮುಟ್ಟಿಕೊಂಡು ಕೇಳಿದಳು ಅಮ್ಮ.

"ಅದೂ ನಡುಮನೆಯಲ್ಲೇ, ಮೂಲೆಯಲ್ಲಿ. ಯಾರು ಬಂದ್ರೂ ಏಳಲ್ಲ, ಒಂದು ಕೆಲಸಕ್ಕೂ ಕೈ ಹಾಕಲ್ಲ. ಅದಕ್ಕೇ ಅದಕ್ಕೆ ಅಷ್ಟು ಮರ್ಯಾದೆ."

ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತ ಪಂಡಿತರು. ಮೂರು ಹೊತ್ತೂ ಮಡಿ, ಸಂಧ್ಯಾವಂದನೆ, ಮಿಕ್ಕ ಹೊತ್ತೆಲ್ಲ ಎಲೆಯಡಿಕೆ. ತಮ್ಮದು ಯಾವ ಕೋಣೆ ಎಂದು ಅವರು ಕೇಳಲೇ ಇಲ್ಲ. ಆದರೂ ಮಾವ ಹೇಳಿದ, "ನೀವು ಬಲತುದಿ ಭಾವ, ಅನುಮಾನವೇ ಇಲ್ಲ." ಅಮ್ಮ ಮ್ಯಾಂಗನೀಸ್. ಬೆಳಿಗ್ಗೆ ಒಂದು ಬಣ್ಣ, ಮಧ್ಯಾಹ್ನ ಒಂದು ಬಣ್ಣ, ಅಪ್ಪ ಸ್ಕೂಲಿನಿಂದ ತಡವಾಗಿ ಬಂದರೆ ಪೂರಾ ನೇರಳೆ.

"ಹಾಗಾದ್ರೆ ನೀನು?" ಎಂದಳು ಅಮ್ಮ, ಸೊಂಟದ ಮೇಲೆ ಕೈಯಿಟ್ಟು.

"ನಾನು ಕಬ್ಬಿಣವೇ. ಒಂಟಿಯಾಗಿ ಬಿಟ್ಟರೆ ತುಕ್ಕು ಹಿಡಿಯುತ್ತೆ. ಅದಕ್ಕೇ ಭಾನುವಾರ ಭಾನುವಾರ ಬರ್ತೀನಿ."

ಅಮ್ಮ ಅವನ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು.

ಮ್ಯಾಂಗನೀಸಿನ ಏಳು ಕೈಯ ಪ್ರತಾಪ ನಮ್ಮ ಬಾವಿಗೂ ಗೊತ್ತಾಯಿತು. ಊರಲ್ಲಿ ಹೊಟ್ಟೆನೋವು ಹಬ್ಬಿದೆ ಎಂದು ಕೇಳಿ ಮಾವ ಒಂದು ಪೊಟ್ಟಣ ಪರ್ಮಾಂಗನೇಟ್ ತಂದು ನಮ್ಮ ಬಾವಿಗೆ ಸುರಿದ. ಚಿಟಿಕೆ ಸಾಕಿತ್ತು, ತಂಗಿಯ ಮನೆ ಎಂಬ ಪ್ರೀತಿಗೆ ಪೊಟ್ಟಣವೇ ಖಾಲಿ! ಬೆಳಗಾಗೆದ್ದು ಅಪ್ಪ ಬಾವಿಕಟ್ಟೆಯಲ್ಲಿ ಸ್ನಾನ ಮಾಡಿ, ಅದೇ ನೀರಲ್ಲಿ ಹಿಂಡಿದ ಪಂಚೆ ಉಟ್ಟರು. ಒಣಗುತ್ತಾ ಒಣಗುತ್ತಾ ಪಂಚೆ ಕಂದು ಬಣ್ಣಕ್ಕೆ ತಿರುಗಿತು. ಪಂಡಿತರು ಸನ್ಯಾಸ ಸ್ವೀಕರಿಸಿದರು ಎಂದು ಸ್ಕೂಲಿನಲ್ಲಿ ಸುದ್ದಿಯಾಗಿ, ಹೆಡ್‌ಮಾಸ್ಟರು ಅಮ್ಮನಿಗೆ ಸಮಾಧಾನ ಹೇಳಲು ಮನೆಗೇ ಬಂದುಬಿಟ್ಟರು. ಮುಂದಿನ ಭಾನುವಾರ ಮಾವ ಜೇಬಿನ ನಿಂಬೆಹಣ್ಣು ಕೊಯ್ದು ಕಲೆಯ ಮೇಲೆ ಉಜ್ಜಿದ. ಕಂದು ಕರಗಿ ಬಿಳಿಯಾಯಿತು. "ನಿಂಬೆಹಣ್ಣು ಎದುರಿಗೆ ಬಂದರೆ ಏಳು ಕೈಯವನೂ ಕೈ ಕಟ್ಟಿ ಕೂರಲೇಬೇಕು," ಎಂದು ಉಳಿದ ಹೋಳನ್ನು ಮತ್ತೆ ಜೇಬಿಗೆ ಹಾಕಿಕೊಂಡ.

ಇಷ್ಟೆಲ್ಲ ಸಹಿಸಿದ ಅಪ್ಪನೂ ತಾಳ್ಮೆಗೆಟ್ಟದ್ದು ಅಕ್ಕನ ಮದುವೆಯಲ್ಲಿ. ಅಕ್ಕನನ್ನು ಹೊಳೆಹೊನ್ನೂರಿಗೆ ಕೊಟ್ಟೆವು. ಧಾರೆ ಮುಗಿದು ಉಡುಗೊರೆ ಕೊಡುವ ಹೊತ್ತು. ಬೇರೆಯವರು ಸೀರೆ, ಬೆಳ್ಳಿ ಕುಂಕುಮಭರಣಿ ಕೊಡುತ್ತಿದ್ದರೆ ಸೋದರಮಾವ ಕೊಟ್ಟದ್ದೇನು ಹೇಳಿ? ಕಬ್ಬಿಣದ ಬಾಣಲೆ! ಎಣ್ಣೆ ಸವರಿ ಫಳಫಳ ಹೊಳೆಯುತ್ತಿದ್ದ, ಎರಡು ಕಿವಿಯ, ಗಟ್ಟಿ ಬಾಣಲೆ. ಶುಭಕಾರ್ಯಕ್ಕೆ ಯಾರಾದರೂ ಕಬ್ಬಿಣ ತರುತ್ತಾರೆಯೇ? ಅದು ಶನಿಯ ಲೋಹ. ಪುರೋಹಿತರು ಮಂತ್ರ ನಿಲ್ಲಿಸಿದರು. ಬೀಗರ ಕಡೆಯ ಹೆಂಗಸರು ಸೆರಗು ಬಾಯಿಗೆ ಹಿಡಿದರು.

"ಭಾವ, ಇದೇನಿದು?" ಅಂದರು ಅಪ್ಪ, ಹಲ್ಲು ಕಚ್ಚಿಕೊಂಡು.

"ಹುಡುಗಿಗೆ ಬೇಕಾಗುತ್ತೆ," ಅಂದ ಮಾವ.

ಅಮ್ಮ ಅದರ ಮೇಲೊಂದು ರವಿಕೆ ಕಣ ಹೊದಿಸಿ, ಯಾರಿಗೂ ಕಾಣದ ಹಾಗೆ ಎತ್ತಿಕೊಂಡು ಹೋಗಿ ಮಂಚದ ಕೆಳಗೆ ತಳ್ಳಿದಳು. ಬಾಣಲೆ ಹೊಳೆಹೊನ್ನೂರಿಗೆ ಹೋಗಲಿಲ್ಲ. ಮಂಚದ ಕೆಳಗೇ ತುಕ್ಕು ಹಿಡಿಯುತ್ತಾ ಕೂತಿತು.

ಮರುವರ್ಷ ಅಕ್ಕ ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಳು. ಬಂದ ಭಾನುವಾರ ಮಾವ ಎಂದಿನಂತೆ ಅವಳನ್ನು ಕಿಟಕಿಯ ಹತ್ತಿರ ಕರೆದು ರೆಪ್ಪೆ ಎಳೆದು ನೋಡಿದ. ನಾನೂ ಬಗ್ಗಿ ನೋಡಿದೆ. ಒಳಗೆ ಕೆಂಪಿನ ಗೆರೆಯೇ ಇರಲಿಲ್ಲ, ಬೆಂದ ಅನ್ನದ ಬಿಳುಪು. ಮಾವ ಪಾಸು ಅನ್ನಲಿಲ್ಲ, ಸುಮಾರು ಅನ್ನಲಿಲ್ಲ. ಹೊರಗೆ ಹೋಗಿ ಬಾವಿಕಟ್ಟೆಯ ಹತ್ತಿರ ನಿಂತ.

ಅವತ್ತು ಅಕ್ಕಿ ಆರಿಸುತ್ತಾ ಅಮ್ಮ ನನಗೆ ಹೇಳಿದಳು. ಅವಳಿಗೂ ಮಾವನಿಗೂ ಒಬ್ಬ ಅಕ್ಕ ಇದ್ದಳಂತೆ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದವಳು. ಹೀಗೇ ಬಿಳಿಚಿಕೊಂಡಿದ್ದಳು. ಬಸುರಿ ಅಂದ ಮೇಲೆ ಸ್ವಲ್ಪ ಸೊರಗೋದು ಇದ್ದದ್ದೇ ಅಂತ ಎಲ್ಲರೂ ಸುಮ್ಮನಿದ್ದರು. ಹೆರಿಗೆಯ ದಿನ ಮಾವ, ಇನ್ನೂ ಚಡ್ಡಿ ಹಾಕುವ ಹುಡುಗ, ಬಾಗಿಲ ಹೊರಗೆ ಕೂತಿದ್ದ. ಸೂಲಗಿತ್ತಿ ಹೊರಗೆ ಬಂದು, "ಮೈಯಲ್ಲಿ ರಕ್ತವೇ ಇರಲಿಲ್ಲ ತಾಯಿ, ಎಲ್ಲಿಂದ ತಡ್ಕೊಳ್ತಾಳೆ" ಅಂದಳಂತೆ. ಆ ಅಕ್ಕನೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ. ಹೇಳಿ ಮುಗಿಸಿ ಅಮ್ಮ ಮೊರವನ್ನು ಜೋರಾಗಿ ಕುಟ್ಟಿ ಕೇರಿದಳು. ನಮ್ಮ ಅಕ್ಕನ ದಿನ ಹತ್ತಿರವಾಗುತ್ತಿತ್ತು, ಅವಳ ಮೈಗೆ ರಕ್ತ ಬರಬೇಕಿತ್ತು. ಮನೆಯಲ್ಲಿ ಅದಕ್ಕಿಂತ ದೊಡ್ಡ ಮಾತು ಇನ್ನಾವುದೂ ಇರಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮನೂ ಅದನ್ನೇ ಹೇಳಿ, ಕಬ್ಬಿಣದ ಟಾನಿಕ್ ಬರೆದುಕೊಟ್ಟರು. ಮಾವ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಹಳೆಯ ಸ್ನೇಹಿತ ಸಿಕ್ಕ ಹಾಗೆ ಖುಷಿಪಟ್ಟ. "ನಮ್ಮ ನಡುಮನೆಯವನೇ. ರಕ್ತ ಕೆಂಪಗಿರೋದೇ ಇವನಿಂದ ಕಣೇ. ಉಸಿರಿನ ಗಾಳಿಯನ್ನ ಕೈಯಲ್ಲಿ ಹಿಡ್ಕೊಂಡು ಮೈಯೆಲ್ಲ ಓಡಾಡಿ ಹಂಚಿ ಬರ್ತಾನೆ. ಚಿನ್ನಕ್ಕೆ ಹಿಡಿಯೋಕೇ ಬರಲ್ಲ. ಜಗಲಿಯವರಿಗೆ ಹಿಡಿದರೆ ಬಿಡೋಕೆ ಬರಲ್ಲ. ಹಿಡಿಯೋಕೂ ಬಿಡೋಕೂ ಬರೋದು ಇವನಿಗೆ."

ಅಕ್ಕ ಒಂದು ಚಮಚ ಕುಡಿದು ಕನ್ನಡಿ ನೋಡಿಕೊಂಡಳು. ಮೂರನೆಯ ದಿನಕ್ಕೆ ಹಲ್ಲಿನ ಮೇಲೆ ಕಪ್ಪು ಗೆರೆ. "ಅವರು ನೋಡೋಕೆ ಬಂದಾಗ ಈ ಹಲ್ಲು ಬಿಟ್ಟುಕೊಂಡು ಕೂರಲಾ? ನಂಗೆ ಬೇಡ ಈ ಔಷಧಿ" ಎಂದು ಬಾಟಲಿ ತಳ್ಳಿದಳು. "ಅವರು" ಅಂದರೆ ನಮ್ಮ ಭಾವ, ಹೊಳೆಹೊನ್ನೂರಿನವರು. ಮಾವ ತಲೆ ಕೆರೆದುಕೊಂಡ. ಹಲ್ಲಿಗೆ ತಾಗದ ಹಾಗೆ ಹೀರಿಕೊಂಡರಾಯಿತಲ್ಲ? ಹಿತ್ತಿಲಿಗೆ ಹೋಗಿ, ಟೊಳ್ಳಗೆ ನೇರವಾಗಿದ್ದ ಒಂದು ಎಲೆಯ ದಂಟು ಕೊಯ್ದು ತಂದು, ಟಾನಿಕ್ಕಿನಲ್ಲಿ ಇಳಿಬಿಟ್ಟು, "ತಗೋ, ಎಳನೀರು ಕುಡಿದ ಹಾಗೆ ಕುಡಿ" ಎಂದು ಅಕ್ಕನ ಬಾಯಿಗೆ ಇಟ್ಟ.

ಅಮ್ಮ ಅಡಿಗೆಮನೆಯಿಂದ ಬಂದವಳು ಆ ದಂಟು ನೋಡಿ ಕೈಯಲ್ಲಿದ್ದ ಸೌಟು ಬೀಳಿಸಿದಳು. ಅದು ಪರಂಗಿ ಎಲೆಯ ದಂಟು! ಬಸುರಿ ಇರುವ ಮನೆಯಲ್ಲಿ ಪರಂಗಿಯ ಹೆಸರೂ ಎತ್ತುವುದಿಲ್ಲ. ಗರ್ಭ ನಿಲ್ಲುವುದಿಲ್ಲ ಅಂತ ಹಣ್ಣನ್ನು ಹೊಸಿಲು ದಾಟಿಸುವುದಿಲ್ಲ. ಪ್ರಪಂಚದ ಎಲ್ಲ ಲೋಹಗಳ ಗುಣ ಬಲ್ಲವನಿಗೆ ಈ ಒಂದು ಮಾತು ಗೊತ್ತಿರಲಿಲ್ಲ.

"ಅಣ್ಣಾ, ನಿನ್ನ ಲ್ಯಾಬೊರೇಟರಿಗೆ ಬೆಂಕಿ ಬೀಳ!" ಎಂದು ಶುರುಮಾಡಿದ ಅಮ್ಮ, ಸಂಜೆಯ ರೈಲಿನವರೆಗೂ ನಿಲ್ಲಿಸಲಿಲ್ಲ. ಅಪ್ಪ ಹಿತ್ತಿಲಿಗೆ ಹೋಗಿ ಆ ಮರವನ್ನೇ ಕಡಿದು ಹಾಕಿದರು. ಮುಂದಿನ ವಾರ ಮಾವ ಒಂದು ಗಾಜಿನ ಕೊಳವೆ ತಂದ. ತಾನೇ ಸ್ಪಿರಿಟ್ ದೀಪದ ಮೇಲೆ ಹಿಡಿದು ಬಗ್ಗಿಸಿ, ಅಂಚು ತುಟಿಗೆ ಚುಚ್ಚದ ಹಾಗೆ ಕರಗಿಸಿ ದುಂಡಗೆ ಮಾಡಿದ್ದು. ಅಕ್ಕ ಅದರಲ್ಲಿ ಟಾನಿಕ್ ಕುಡಿಯುತ್ತಿದ್ದಳು, ಕುಡಿದದ್ದನ್ನು ಅರ್ಧ ದಿನ ವಾಂತಿ ಮಾಡುತ್ತಿದ್ದಳು. ಬಾಯಲ್ಲಿ ಮೊಳೆ ಇಟ್ಟುಕೊಂಡ ಹಾಗಿದೆ ಅನ್ನುತ್ತಿದ್ದಳು, ಪಾಪ.

ಆಗ ಹೊರಗೆ ಬಂತು ಮಂಚದ ಕೆಳಗಿನ ಬಾಣಲೆ. ತಂದವಳು ಅಮ್ಮನೇ. ಹುಣಿಸೆಹಣ್ಣು, ಮರಳು ಹಾಕಿ ತಿಕ್ಕಿ, ಎಣ್ಣೆ ಸವರಿ ಒಲೆಯ ಮೇಲಿಟ್ಟಳು. ಅಂದಿನಿಂದ ನಮ್ಮ ಮನೆಯ ಊಟದ ಬಣ್ಣವೇ ಬದಲಾಯಿತು. ಬಾಳೆಕಾಯಿ ಪಲ್ಯ ಕಪ್ಪು. ನೆಲ್ಲಿಕಾಯಿ ಗೊಜ್ಜು ಕಪ್ಪು. ಹುಳಿಯಂತೂ ಕೇಳಬೇಡಿ.

"ಇವತ್ತೂ ಅಮಾವಾಸ್ಯೆಯೇನೇ?" ಅನ್ನುತ್ತಿದ್ದರು ಅಪ್ಪ, ಎಲೆಯ ಮುಂದೆ ಕೂತು.

"ಮಾತಾಡದೆ ಊಟ ಮಾಡಿ," ಅನ್ನುತ್ತಿದ್ದಳು ಅಮ್ಮ.

ಎಲ್ಲದರ ಮೇಲೂ ನಿಂಬೆಹಣ್ಣು ಹಿಂಡಬೇಕೆಂದು ಮಾವನ ಅಪ್ಪಣೆ. ಮೂರು ಕೈಯ ಕಬ್ಬಿಣ ಹೊಟ್ಟೆಗೆ ದಕ್ಕುವುದಿಲ್ಲವಂತೆ, ನಿಂಬೆಹಣ್ಣು ಅದರ ಒಂದು ಕೈ ಮಡಿಸಿ ಎರಡು ಮಾಡುತ್ತದಂತೆ. ಸರಿ, ಅದೂ ಆಯಿತು. ಆದರೂ ಭಾನುವಾರ ಭಾನುವಾರ ಅಕ್ಕನ ರೆಪ್ಪೆಯ ಬಿಳುಪು ಬಿಳುಪಾಗಿಯೇ ಇತ್ತು. ಮಾವ ನಗುವುದು ಕಡಿಮೆಯಾಯಿತು. ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದ.

ಒಂದು ದಿನ ಊಟವಾದ ಮೇಲೆ ಅಕ್ಕ ಮೂಲೆಯಲ್ಲಿ ಕೂತು ಏನೋ ಅಗಿಯುತ್ತಿದ್ದದ್ದು ಅವನ ಕಣ್ಣಿಗೆ ಬಿತ್ತು. ಅಡಿಕೆ! ಬಸುರಿನ ಬಯಕೆ ಎಂದು ಅಮ್ಮನೇ ಸೆರಗಿನ ಗಂಟಿನಿಂದ ಬಿಚ್ಚಿ ಕೊಡುತ್ತಿದ್ದಳು. ಮಾವ ಗಾಂಧಿಬಜಾರಿಗೆ ಹೋಗಿ, ಪರಿಚಯದ ಅಡಿಕೆ ಮಂಡಿಯವರಿಂದ ಒಂದು ಬಾಟಲಿ ಚೊಗರು ತಂದ. ಹಸಿ ಅಡಿಕೆ ಬೇಯಿಸಿದ ಕೆಂಪು ನೀರು ಅದು, ಅಡಿಕೆಗೆ ಬಣ್ಣ ಕೊಡಲು ಇಟ್ಟುಕೊಳ್ಳುತ್ತಾರೆ. ಟಾನಿಕ್ಕನ್ನು ಒಂದು ಬಟ್ಟಲಿಗೆ ಬಿಟ್ಟು, ಅದಕ್ಕೆ ಚೊಗರು ಹೊಯ್ದ. ನಮ್ಮ ಕಣ್ಣೆದುರೇ ಬಟ್ಟಲು ಕಪ್ಪಾಯಿತು. ನನ್ನ ಸ್ಕೂಲಿನ ಪೆನ್ನು ತೆಗೆದುಕೊಂಡು ಅದರಲ್ಲದ್ದಿ ಒಂದು ಕಾಗದದ ಮೇಲೆ ಶ್ರೀ ಎಂದು ಬರೆದ. ಅಚ್ಚುಕಟ್ಟಾಗಿ ಬಂತು.

"ಅಡಿಕೆ ಬೇಯಿಸೋರು ಕಬ್ಬಿಣದ ಹಂಡೆ ಯಾಕೆ ಮುಟ್ಟಲ್ಲ, ತಾಮ್ರವೇ ಯಾಕೆ ಬೇಕು ಅಂತಾರೆ? ಇದಕ್ಕೇ. ಅಡಿಕೆ ಕಬ್ಬಿಣವನ್ನ ಹಿಡ್ಕೊಂಡ್ರೆ ಬಿಡಲ್ಲ. ನೀವು ಬಾಣಲೆಯಲ್ಲಿ ಕೊಟ್ಟಿದ್ದೆಲ್ಲ ಇವಳ ಹೊಟ್ಟೆಯಲ್ಲಿ ಮಸಿ ಆಗ್ತಿದೆ," ಅಂದ. "ಕಾಫಿಯೂ ಅಷ್ಟೇ. ಊಟದ ಮೇಲೆ ಇವೆರಡೂ ಬೇಡ. ಕಾಲಿಗೆ ಬೀಳ್ತೀನಿ ಬೇಕಾದ್ರೆ."

ಶಿವಮೊಗ್ಗದಲ್ಲಿ ಕೂತು ಅಡಿಕೆ ತಿನ್ನಬೇಡ ಅನ್ನುವುದೆಂದರೇನು? ಆ ಕಾಲಕ್ಕೆ ಯಾವ ಡಾಕ್ಟರೂ ಹೀಗೆ ಹೇಳಿದ್ದನ್ನು ನಾವು ಕೇಳಿರಲಿಲ್ಲ. "ಭಾವ, ಈ ಮಾತು ಮಂಡಿಯವರ ಕಿವಿಗೆ ಬಿದ್ದರೆ ನಿಮ್ಮನ್ನು ತುಂಗಾ ಹೊಳೆಗೆ ತಳ್ಳುತ್ತಾರೆ" ಅಂದರು ಅಪ್ಪ. ಮಾವ ನಗಲಿಲ್ಲ. ಅಕ್ಕ ಮಾತ್ರ ಅಳಲಿಕ್ಕೆ ಶುರುಮಾಡಿದಳು. ಮನೆಯಲ್ಲಿ ಅಪ್ಪ ಮೂರು ಹೊತ್ತೂ ಜಗಿಯುತ್ತಾ ಕೂತರೆ, ಆ ವಾಸನೆಗೆ ತಾನು ಹೇಗೆ ತಡೆದುಕೊಳ್ಳಲಿ ಎಂದಳು.

ಅಪ್ಪ ತಮ್ಮ ಹಿತ್ತಾಳೆಯ ಎಲೆಯಡಿಕೆ ಡಬ್ಬಿ ಮುಚ್ಚಿದರು. ಅವರ ಅಪ್ಪನಿಂದ ಬಂದ ಡಬ್ಬಿ, ಅವರ ಕೈಯಿಂದ ಅರೆಗಳಿಗೆ ದೂರವಾದದ್ದನ್ನು ನಾನು ನೋಡಿರಲಿಲ್ಲ. ಏಣಿ ಹಾಕಿ ಅದನ್ನು ತಾವೇ ಅಟ್ಟದ ಮೇಲಿಟ್ಟು ಇಳಿದು ಬಂದು, ಬಾಯಿಗೊಂದು ಲವಂಗ ಹಾಕಿಕೊಂಡರು. "ಮಗು ಆಗೋವರೆಗೂ ಈ ಮನೇಲಿ ಯಾರ ಬಾಯೂ ಆಡಬೇಕಾಗಿಲ್ಲ," ಅಂದರು. ಮಾವ ಅವರನ್ನೇ ನೋಡಿದ. "ಭಾವ, ನಿಮ್ಮನ್ನ ನಡುಮನೆಗೆ ತರಬೇಕಾಯ್ತು," ಅಂದ.

ಆ ದಿನಗಳಲ್ಲಿ ಅಪ್ಪನ ಸಿಟ್ಟು ಹೇಗಿತ್ತು ಅಂತ ಅವರ ವಿದ್ಯಾರ್ಥಿಗಳನ್ನು ಕೇಳಬೇಕು. ರಾಮ ಶಬ್ದ ತಪ್ಪಿದವನಿಗೂ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ! ಮನೆಯಲ್ಲಿ ಕಪ್ಪು ಪಲ್ಯ, ನಿಂಬೆಹಣ್ಣು, ಲವಂಗ. ಹೀಗೇ ವಾರಗಳು ಹೋದವು. ಒಂದು ಭಾನುವಾರ ಮಾವ ಅಕ್ಕನ ರೆಪ್ಪೆ ಎಳೆದು ನೋಡಿದವನು ಮತ್ತೆ ನೋಡಿದ, ಇನ್ನೊಂದು ಕಣ್ಣನ್ನೂ ನೋಡಿದ. "ಸುಮಾರು," ಅಂದ. ಅಮ್ಮ ಒಲೆಯ ಮುಂದೆ ನಿಂತು ಕಣ್ಣೊರೆಸಿಕೊಂಡಳು. ಅವತ್ತು ಮಾವ ಆ ಕರಿ ಹುಳಿಯನ್ನು ಎರಡು ಸಲ ಬಡಿಸಿಕೊಂಡು ಉಂಡ.

ಅಕ್ಕನಿಗೆ ನೋವು ಶುರುವಾದದ್ದು ಒಂದು ಬೆಳಿಗ್ಗೆ. ಆಸ್ಪತ್ರೆಗೆ ಸೇರಿಸಿ, ಭದ್ರಾವತಿಗೆ ಫೋನು ಮಾಡಿಸಿದೆವು. ಮಾವ ಬಂದಾಗ ಮೈಮೇಲೆ ಲ್ಯಾಬೊರೇಟರಿಯ ಕೋಟೇ ಇತ್ತು, ಆಸಿಡ್ ಬಿದ್ದು ತೂತುಬಿದ್ದದ್ದು. ಒಳಗೆ ಬರಲಿಲ್ಲ. ಅಂಗಳದ ಬೇವಿನ ಮರದ ಕಟ್ಟೆಯ ಮೇಲೆ ಕೂತವನು ಕೂತೇ ಇದ್ದ. ಜೇಬಿನಿಂದ ಅಯಸ್ಕಾಂತ ತೆಗೆಯುವುದು, ಮತ್ತೆ ಜೇಬಿಗೆ ಹಾಕುವುದು. ನಾನು ಕಾಫಿ ತಂದುಕೊಟ್ಟರೆ ಅದನ್ನು ಪಕ್ಕದಲ್ಲಿಟ್ಟುಕೊಂಡು ಮರೆತ.

ಮಧ್ಯಾಹ್ನ ಡಾಕ್ಟರಮ್ಮ ಹೊರಗೆ ಬಂದರು. ಹೆಣ್ಣುಮಗು, ಅಳುವುದು ನಮಗೆ ಆಗಲೇ ಕೇಳಿಸಿತ್ತು. ಅಮ್ಮ ಕೇಳಿದ್ದು ಅಕ್ಕನ ಬಗ್ಗೆ.

"ರಕ್ತ ಜಾಸ್ತಿ ಹೋಯ್ತು," ಅಂದರು ಡಾಕ್ಟರಮ್ಮ. "ಆದ್ರೆ ತಡ್ಕೊಂಡಳು. ಮೊದಲು ಬಂದಾಗ ಹೇಗಿದ್ದಳೋ ಹಾಗೇ ಇದ್ದಿದ್ರೆ ಇವತ್ತು ಕಷ್ಟವಾಗ್ತಿತ್ತು. ಈಗ ಪರವಾಗಿಲ್ಲ, ಒಬ್ಬೊಬ್ಬರಾಗಿ ಹೋಗಿ ನೋಡಿ."

ಅಪ್ಪ ಗೋಡೆಗೆ ಒರಗಿ ನಿಂತು ಏನೋ ಜಪಿಸಿದರು. ಅಮ್ಮ ಒಳಗೆ ಹೋಗಿ ಅಕ್ಕನನ್ನೂ ಮಗುವನ್ನೂ ನೋಡಿ ಬಂದಳು. ಬಂದವಳು ನೇರವಾಗಿ ಬೇವಿನ ಕಟ್ಟೆಗೆ ಹೋದಳು. ನಾನೂ ಹಿಂದೆ ಹೋದೆ. ಮಾವ ಅವಳ ಮುಖ ನೋಡಿ ಎದ್ದು ನಿಂತ.

"ಇಬ್ರೂ ಚೆನ್ನಾಗಿದಾರೆ ಅಣ್ಣ," ಅಂದಳು ಅಮ್ಮ. "ತಡ್ಕೊಂಡಳಂತೆ."

ಮಾವ ಮತ್ತೆ ಕೂತುಬಿಟ್ಟ. ಅಮ್ಮ ಅವನ ಪಕ್ಕದಲ್ಲಿ ಕೂತಳು. ಆಮೇಲೆ ಅಮ್ಮ ಬೆಳಕಿನ ಕಡೆಗೆ ತಿರುಗಿ, ಅಷ್ಟು ವರ್ಷ ಅವನ ಕೈಗೆ ಹೊಡೆದು ಹೊಡೆದು ಅಟ್ಟಿದವಳು, ತನ್ನ ಬೆರಳಿನಿಂದ ತಾನೇ ಕೆಳರೆಪ್ಪೆಯನ್ನು ಎಳೆದು ಹಿಡಿದಳು.

"ನೋಡು. ನನ್ನದು ಹೇಗಿದೆ ಹೇಳು."

ಮಾವ ಬಗ್ಗಿದ. ಅವಳ ಗಲ್ಲ ಹಿಡಿದು ಬಹಳ ಹೊತ್ತು ನೋಡಿದ.

"ಏನೂ ಕಾಣಿಸ್ತಿಲ್ಲ ಮಾರಾಯ್ತಿ," ಅಂದ.

ಅವನ ಕಣ್ಣು ತುಂಬಿ ಹರಿಯುತ್ತಿತ್ತು. ಅಮ್ಮ ಸೆರಗಿನಿಂದ ಅವನ ಎರಡೂ ಕಣ್ಣು ಒರೆಸಿದಳು, ಸಣ್ಣ ಹುಡುಗನಿಗೆ ಒರೆಸಿದ ಹಾಗೆ. ಮತ್ತೆ ತನ್ನ ರೆಪ್ಪೆ ಎಳೆದು ಹಿಡಿದಳು.

"ಈಗ ನೋಡು."

ಮಾವ ನೋಡಿದ.

"ಪಾಸು," ಅಂದ.